ನೀನೂ ಇರು

ಭಾವ ಹೇಳಿದ್ದು ಎರಡೇ ಪದ. "ನೀನೂ ಇರು."

ಸ್ಪ್ಯಾನರ್ ಒರೆಸುತ್ತ, ಮುಖ ಎತ್ತದೆ, ಇವತ್ತು ಮೋಡ ಇದೆ ಅನ್ನುವಷ್ಟು ಸಲೀಸಾಗಿ ಹೇಳಿದರು. ಮುಂದಿನ ವಾರ ಆಸ್ಪತ್ರೆಯ ಲ್ಯಾಬ್ ಮೇಡಂ ಜೊತೆ ಭಾವನ ಎರಡನೇ ಮದುವೆಯ ನೋಂದಣಿ. ಆಮೇಲೆ ಗ್ಯಾರೇಜನ್ನು ಮೇಡಂ ಅವರ ತಮ್ಮ ನೋಡಿಕೊಳ್ಳುತ್ತಾನೆ. ದೊಡ್ಡ ಶೋರೂಮಿನಲ್ಲಿ ದುಡಿದವನು, ಹೊಸ ಯಂತ್ರಗಳನ್ನು ತರಿಸುತ್ತಾನಂತೆ. "ನೀನೂ ಇರು. ಯಾರು ಬೇಡ ಅಂದ್ರು?"

"ನೀನಿರು" ಎಂದಿದ್ದರೆ ಎದುರು ನಿಂತ ಭಾವಮೈದುನ ಸಾಯುವ ತನಕ ಇರುತ್ತಿದ್ದ. ಆ ಒಂದು ದೀರ್ಘ ಅವನ ಕಿವಿಗೆ ಚುಚ್ಚಿತು. ನೀನೂ. ಮೂಲೆಯಲ್ಲಿ ಹಳೇ ಜಾಕ್ ಇದೆ, ಗೇಟಿನ ಬಳಿ ಕುಂಟು ನಾಯಿ ಇದೆ, ನೀನೂ ಇರು. ಅಲ್ಲಿಯ ತನಕ ಮನಸ್ಸಿನೊಳಗೂ "ಭಾವ ಬಂದರು" ಎಂದುಕೊಳ್ಳುತ್ತಿದ್ದವನು ಆ ಸಂಜೆಯಿಂದ "ಭಾವ ಬಂದ" ಎನ್ನತೊಡಗಿದ. ಬಾಯಿಯಲ್ಲಿ ಮಾತ್ರ ಬಹುವಚನ ಉಳಿಯಿತು.

ಗ್ಯಾರೇಜು ಅಕ್ಕನದು. ಕಾಗದದಲ್ಲಿ ಭಾವನ ಹೆಸರಿರಬಹುದು, ಬೋರ್ಡಿನಲ್ಲಿ ಇದ್ದದ್ದು ಅಕ್ಕನ ಹೆಸರು. ಭಾವನದು ಕೈ, ಅಕ್ಕನದು ಬಾಯಿ. ಭಾವ ಜಗಳವಾಡಿ ಕಳಿಸಿದ ಗಿರಾಕಿಗಳನ್ನು ಅಕ್ಕ ಸಂಜೆಯೊಳಗೆ ಫೋನು ಮಾಡಿ ವಾಪಸು ಕರೆಸುತ್ತಿದ್ದಳು. ಮೀಸೆ ಮೂಡುವ ಮೊದಲೇ ತಮ್ಮನನ್ನು ತಂದು ಗಂಡನ ಪಕ್ಕ ನಿಲ್ಲಿಸಿ, "ಇವನಿಗೆ ಕೆಲಸ ಕಲಿಸಿ. ಬೈಗುಳ ತಾನಾಗೇ ಕಲೀತಾನೆ" ಎಂದಿದ್ದಳು. ಅವನು ಎರಡನ್ನೂ ಕಲಿತ.

ಅಕ್ಕ ಗುಡ್ಡದ ಮೇಲಿನ ಆಸ್ಪತ್ರೆಯಲ್ಲಿ ಮಲಗಿದಾಗ ಭಾವ ಹಾಸಿಗೆಯ ಪಕ್ಕ ಕೂತ. ಗ್ಯಾರೇಜಿನ ಬಾಗಿಲು ಒಂದು ದಿನವೂ ಮುಚ್ಚದ ಹಾಗೆ ನೋಡಿಕೊಂಡವನು ತಮ್ಮ. ಕೊನೆಕೊನೆಗೆ ಅಕ್ಕ ಕೇಳಿದ್ದಳು, ಇವನ ಗತಿ ಏನು ಅಂತ. "ಗ್ಯಾರೇಜು ಇವನದೇ ಕಣೆ. ನೀನು ಸುಮ್ನೆ ಮಲಕ್ಕೋ" ಎಂದಿದ್ದ ಭಾವ. ಆ ಮಾತು ಕೇಳಿಸಿಕೊಂಡವರಲ್ಲಿ ಒಬ್ಬಳು ಸತ್ತಳು. ಆಡಿದವನು ಮರೆತ. ಉಳಿದವನು ಇವನೊಬ್ಬ.

ಆ ದಿನಗಳಲ್ಲಿ ಅಕ್ಕನ ರಕ್ತದ ಸೀಸೆಗಳನ್ನು ಲ್ಯಾಬಿನ ಕಿಟಕಿಗೆ ಒಯ್ದು ಕೊಡುತ್ತಿದ್ದವನೂ ಇವನೇ. ಕಿಟಕಿಯ ಒಳಗಿದ್ದವರು ಲ್ಯಾಬ್ ಮೇಡಂ. ಯಾವಾಗಿನಿಂದ ಭಾವ "ಕೊಡು, ನಾನೇ ಹೋಗ್ತೀನಿ" ಎಂದು ಸೀಸೆ ಇಸಿದುಕೊಳ್ಳತೊಡಗಿದ? ನೆನಪು ಮಾಡಿಕೊಳ್ಳಲು ನೋಡಿದ, ಆಗಲಿಲ್ಲ. ಆಗ ಅದು ಪ್ರೀತಿಯ ಹಾಗೆ ಕಂಡಿತ್ತು. ಅಕ್ಕನ ಮೇಲಿನ ಪ್ರೀತಿಯ ಹಾಗೆ.

ಪಕ್ಕದ ಶೆಡ್ಡಿನಲ್ಲಿ ಕಾರುಗಳ ತಗ್ಗು ತೆಗೆದು ಬಣ್ಣ ಹೊಡೆಯುವ ಟಿಂಕರ್ ಮಾಮ ಮರುದಿನ ಚಹಾ ಲೋಟ ಹಿಡಿದುಕೊಂಡು ಬಂದ.

"ಹೊಸ ಸಾಹೇಬ ಬರ್ತಾನಂತೆ?"

"ಬರ್ಲಿ ಬಿಡು ಮಾಮ."

"ಬೋರ್ಡು ನನಗೇ ಕೊಟ್ಟಿದಾರೆ. ಹಳೇ ಹೆಸರು ಅಳಿಸೋ ಮುಂಚೆ ನಿನ್ನನ್ನ ಒಂದು ಮಾತು ಕೇಳ್ಲಾ ಅಂದೆ. ಅವನನ್ನೇನು ಕೇಳ್ತೀಯ ಅಂದ್ರು ನಿಮ್ಮ ಭಾವ."

ಟಿಂಕರ್ ಮಾಮ ಅವನ ಮುಖವನ್ನು ಅಪಘಾತವಾದ ಬಾಗಿಲನ್ನು ನೋಡುವ ಹಾಗೆ ಓರೆಯಾಗಿ ನೋಡಿದ. "ತಗಡಿನ ತಗ್ಗಾದ್ರೆ ನಾನು ತೆಗೀತಿದ್ದೆ ಕಣಪ್ಪ" ಎಂದು ಲೋಟ ಅಲ್ಲೇ ಬಿಟ್ಟು ಹೋದ.

ಎಲ್ಲ ಅಷ್ಟಕ್ಕೇ ನಿಲ್ಲಬಹುದಿತ್ತು. ಎದೆಯುರಿ ಇಟ್ಟುಕೊಂಡು ಬದುಕುವವರು ಬೇಕಾದಷ್ಟು ಜನ. ಆದರೆ ಆ ವಾರ ಲ್ಯಾಬ್ ಮೇಡಂ ತಮ್ಮ ಕಾರನ್ನು ರಿಪೇರಿಗೆ ಬಿಡಲು ಗುಡ್ಡ ಇಳಿದು ಬಂದರು. ಹಳೆಯ ಕಾರು. ಭಾವನ ಕಾರಿನದೇ ಕಂಪನಿ, ಅದೇ ಮಾಡೆಲ್ಲು, ಬಣ್ಣ ಮಾತ್ರ ಬೇರೆ.

"ಊರೊಳಗೆ ಏನೂ ತೊಂದರೆ ಇಲ್ಲ" ಎಂದರು ಮೇಡಂ. "ಗುಡ್ಡದಲ್ಲಿ ಲಾರಿ ದಾಟೋಣ ಅಂತ ಕಾಲು ಒತ್ತಿದ್ರೆ ಉಸಿರು ಕಟ್ಟಿದ ಹಾಗೆ ಮಾಡುತ್ತೆ. ಮೊನ್ನೆ ಲಾರಿ ಪಕ್ಕದಲ್ಲಿರೋವಾಗ್ಲೇ ಹಾಗಾಯ್ತು. ಹಿಂದೆ ಯಾರೂ ಇರ್ಲಿಲ್ಲ, ಬ್ರೇಕ್ ಹಾಕಿ ಹಿಂದೆ ಸರಿದೆ. ಇಲ್ದಿದ್ರೆ ಕತೆ ಮುಗೀತಿತ್ತು."

"ಇಟ್ಟು ಹೋಗಿ ಮೇಡಂ, ನೋಡ್ತೀನಿ."

"ನಿಮಗೆ ತೊಂದ್ರೆ ಕೊಡ್ತಾ ಇದೀನಿ."

"ತೊಂದ್ರೆ ಏನು ಬಂತು. ಇನ್ಮೇಲೆ ಮನೆಯವರೇ ಅಲ್ವಾ."

ಮೇಡಂ ನಕ್ಕು ಬಸ್ಸಿಗೆ ಹೋದರು. "ಕತೆ ಮುಗೀತಿತ್ತು" ಎಂಬ ಮಾತು ಗ್ಯಾರೇಜಿನಲ್ಲಿ ಉಳಿಯಿತು.

ಅವನು ಕಾರನ್ನು ಗುಡ್ಡದ ಬುಡದ ಏರಿಗೆ ಒಯ್ದ. ಮೆಲ್ಲಗೆ ಹತ್ತಿಸಿದರೆ ಹತ್ತಿತು. ಕಾಲನ್ನು ಪೂರ್ತಿ ಒತ್ತಿದಾಗ ಇಂಜಿನ್ ಕೆಮ್ಮಿ ಸತ್ತಂತಾಯಿತು. ಕಾಲು ತೆಗೆದರೆ ಮತ್ತೆ ಜೀವ. ಇಳಿದು ಬಾನೆಟ್ ಎತ್ತಿ, ಏರ್ ಫಿಲ್ಟರಿನ ಡಬ್ಬಿಯ ಮುಂದೆ ಕೂತಿರುವ ಗಾಳಿ ಸೆನ್ಸರಿನ ಕ್ಲಿಪ್ಪನ್ನು ಕಿತ್ತ. ಹಳೇ ಇಂಜಿನ್ನುಗಳ ಮೇಲೆ ದುಡಿದ ಯಾರಿಗಾದರೂ ಈ ಉಪಾಯ ಗೊತ್ತು. ಒಳಗೆ ಎಷ್ಟು ಗಾಳಿ ಹೋಗುತ್ತಿದೆ ಎಂದು ಇಂಜಿನ್ನಿನ ಕಂಪ್ಯೂಟರಿಗೆ ಹೇಳುವುದು ಸೆನ್ಸರಿನ ಕೆಲಸ; ಅದು ಹೇಳಿದಷ್ಟಕ್ಕೆ ತಕ್ಕಂತೆ ಪೆಟ್ರೋಲು. ಸೆನ್ಸರ್ ಕಡಿಮೆ ಹೇಳಿದರೆ ಇಂಜಿನ್ನಿಗೆ ಹೊಟ್ಟೆಗಿಲ್ಲ. ಕ್ಲಿಪ್ ಕಿತ್ತರೆ ಕಂಪ್ಯೂಟರ್ ಅದರ ಮಾತು ಕೇಳುವುದನ್ನು ಬಿಟ್ಟು ತನ್ನ ಅಂದಾಜಿನಲ್ಲಿ ಬಡಿಸುತ್ತದೆ. ಅಂದಾಜಿನಲ್ಲೇ ಕಾರು ಚೆನ್ನಾಗಿ ಓಡಿದರೆ ಸುಳ್ಳುಗಾರ ಯಾರೆಂದು ಗೊತ್ತಾಯಿತಲ್ಲ.

ಕಾರು ಚೆನ್ನಾಗಿ ಓಡಿತು. ಕಾಲು ಒತ್ತಿದ್ದೇ ತಡ ಏರು ಹತ್ತಿ ನಿಂತಿತು.

ಸೆನ್ಸರನ್ನು ಬಿಚ್ಚಿ ಬೆಳಕಿಗೆ ಹಿಡಿದ. ಒಳಗೆ ಕೂದಲಿಗಿಂತ ತೆಳುವಾದ ತಂತಿ, ಅದರ ಮೇಲೆ ತೆಳ್ಳಗೆ ಬೂದು ಧೂಳು. ಅಷ್ಟು ಸಾಕಾಯಿತು. ಭಾವನಾಗಿದ್ದರೆ ಇನ್ನೂ ಅರ್ಧ ದಿನ ಬಾನೆಟ್ ಒಳಗೆ ತಲೆ ಇಟ್ಟಿರುತ್ತಿದ್ದ. ಮೊದಲು ಫಿಲ್ಟರ್, ಆಮೇಲೆ ಅರ್ಥ್ ವೈರು, ಆಮೇಲೆ ರಬ್ಬರ್ ಪೈಪು, ಕೊನೆಗೆ ಸೆನ್ಸರ್. ಒಂದೊಂದನ್ನೂ ಕೈಯಲ್ಲಿ ಮುಟ್ಟಿ, ಅಡಿಗೆ ಬೆರಳು ಹಾಕಿ. "ಸೆನ್ಸರಿಗೆ ಬಾಯಿದೆ, ಅದಕ್ಕೇ ಎಲ್ರೂ ಅದನ್ನ ಬೈತಾರೆ. ಬಾಯಿಲ್ದೆ ಇರೋದನ್ನ ಮುಟ್ಟಿ ನೋಡು" ಎನ್ನುವುದು ಭಾವನ ಪಾಠ. ಇಷ್ಟು ವರ್ಷ ಕೇಳಿ ಕೇಳಿ ಆ ಪಾಠ ಅವನಿಗೆ ಫ್ಯಾನಿನ ಸದ್ದಾಗಿತ್ತು.

ಅಂಗೈಯಲ್ಲಿ ಸೆನ್ಸರ್ ಹಿಡಿದುಕೊಂಡು ಏರಿನ ಅಂಚಿನಲ್ಲಿ ನಿಂತಿದ್ದಾಗಲೇ ಇಡೀ ಯೋಜನೆ ತಾನಾಗಿ ಜೋಡಣೆಯಾಯಿತು.

ಬ್ರೇಕಿಗೆ ಕೈ ಹಾಕುವವನು ದಡ್ಡ. ಅಪಘಾತದ ಕಾರನ್ನು ನೋಡಲು ಬರುವ ಇನ್‌ಸ್ಪೆಕ್ಟರ್ ಮೊದಲು ನೋಡುವುದೇ ಬ್ರೇಕು, ಸ್ಟೇರಿಂಗು, ಟಯರು. ಗಾಳಿ ಸೆನ್ಸರನ್ನು ಯಾರೂ ನೋಡುವುದಿಲ್ಲ. ನೋಡಿದರೂ ಏನಿದೆ? ಹಳೇ ಕಾರಿನಲ್ಲಿ ಹಳೇ ಸೆನ್ಸರ್. ಕತ್ತರಿಸಿದ ಗುರುತಿಲ್ಲ, ಹೊಸ ಸ್ಕ್ರೂ ಇಲ್ಲ, ಅಂಗಡಿಯಿಂದ ತಂದದ್ದು ಏನೂ ಇಲ್ಲ. ಮೇಡಂ ಕಾರಿನ ಕೆಟ್ಟ ಸೆನ್ಸರ್ ಭಾವನ ಕಾರಿಗೆ, ಭಾವನ ಒಳ್ಳೆಯ ಸೆನ್ಸರ್ ಮೇಡಂ ಕಾರಿಗೆ. ಎರಡು ಕಾರು, ಎರಡು ಸೆನ್ಸರ್, ಕೈಯಲ್ಲಿ ಏನೂ ಉಳಿಯುವುದಿಲ್ಲ. ಮೇಡಂ ಕಾರು ಸರಿಯಾಗುತ್ತದೆ. ಅದು ಭಾವ ಅವರಿಗೆ ಕೊಡುವ ಕೊನೆಯ ಉಡುಗೊರೆ. ಈ ವಿಚಾರ ಬಂದಾಗ ಅವನಿಗೆ ಸಣ್ಣಗೆ ನಗು ಬಂತು.

ಉಳಿದದ್ದನ್ನು ಭಾವನೇ ಮಾಡಿಕೊಳ್ಳುತ್ತಾನೆ. ಗುಡ್ಡದ ರಸ್ತೆಯಲ್ಲಿ ಕಲ್ಲು ಕ್ವಾರಿಯ ಲಾರಿಗಳು ಒಂದರ ಬಾಲಕ್ಕೆ ಒಂದು ಮೂತಿ ತಾಗಿಸಿಕೊಂಡು ರೈಲಿನ ಹಾಗೆ ಹತ್ತುತ್ತವೆ. ಅವುಗಳ ಧೂಳು ಕುಡಿಯುತ್ತ ಹಿಂದೆ ಹೋಗುವುದೆಂದರೆ ಭಾವನಿಗೆ ಅವಮಾನ. ನೀರಿನ ಟ್ಯಾಂಕ್ ದಾಟಿದ ಮೇಲೆ ರಸ್ತೆ ಸ್ವಲ್ಪ ನೇರವಾಗುವ ಕಡೆ, ಯಾವತ್ತೂ ಅದೇ ಜಾಗದಲ್ಲಿ, ಎದುರು ಸಾಲಿಗೆ ನುಗ್ಗಿ ಲಾರಿ ದಾಟುತ್ತಾನೆ. ಇದು ಊರಿಗೆಲ್ಲ ಗೊತ್ತು. ಅಕ್ಕ ಬದುಕಿದ್ದಾಗ ಅಲ್ಲಿ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಅಲ್ಲಿ ಇಂಜಿನ್ ಉಸಿರು ಕಟ್ಟಿದರೆ ಮುಂದೆ ಹೋಗಲಾಗದು, ಬ್ರೇಕ್ ಹಾಕಿ ಹಿಂದೆ ಸರಿಯೋಣವೆಂದರೆ ಬಿಟ್ಟು ಬಂದ ಜಾಗಕ್ಕೆ ಹಿಂದಿನ ಲಾರಿ ಬಂದಿರುತ್ತದೆ. ಎದುರಿನಿಂದ ಬರುವುದು ಇಳಿಜಾರಿನಲ್ಲಿ ಬರುತ್ತದೆ. ಜನ ಏನನ್ನುತ್ತಾರೆ ಎಂಬುದನ್ನೂ ಅವನು ಕೇಳಿಸಿಕೊಂಡ: ಹೀಗೇ ಒಂದು ದಿನ ಆಗುತ್ತೆ ಅಂತ ಗೊತ್ತಿತ್ತು.

ದಿನವೂ ತಾನಾಗಿ ಗೊತ್ತಾಗಿತ್ತು. ನೋಂದಣಿ ಕಚೇರಿ ಇರುವುದು ಗುಡ್ಡದ ಮೇಲೆ. ಭಾವ ಮದುಮಗನಾಗಿ ಹತ್ತಬೇಕು, ಗಂಡನಾಗುವ ಮೊದಲು ನಿಲ್ಲಬೇಕು. ಸಹಿ ಬೀಳದಿದ್ದರೆ ಮೇಡಂ ಯಾರೂ ಅಲ್ಲ, ಅವರ ತಮ್ಮ ಯಾರೂ ಅಲ್ಲ. ಭಾವನಿಗೆ ಮಕ್ಕಳಿಲ್ಲ, ಒಡಹುಟ್ಟಿದವರಿಲ್ಲ. ಗ್ಯಾರೇಜಿನ ಬಾಗಿಲು ತೆರೆಯಲು ಉಳಿಯುವವನು ಇವನೇ. ಅಕ್ಕನ ಬೋರ್ಡು ಟಿಂಕರ್ ಮಾಮನ ಗೋಡೆಗೆ ಒರಗಿಕೊಂಡಿತ್ತು, ಇನ್ನೂ ಬಣ್ಣ ಬಿದ್ದಿರಲಿಲ್ಲ.

ಮದುವೆಯ ಹಿಂದಿನ ದಿನ ಮಧ್ಯಾಹ್ನ ಭಾವ ಕ್ಷೌರಕ್ಕೆ ಹೋದ. ಹೊರಡುವಾಗ ಕನ್ನಡಿಯಿಲ್ಲದ ಗ್ಯಾರೇಜಿನಲ್ಲಿ ಒಂದು ಕಾರಿನ ಪಕ್ಕದ ಕನ್ನಡಿಗೆ ಬಗ್ಗಿ, "ಮೀಸೆ ಇರ್ಲೋ, ತೆಗೆಸ್ಲೋ?" ಎಂದು ಕೇಳಿದ.

"ಅಕ್ಕನಿಗೆ ಮೀಸೆ ಇಷ್ಟ ಇತ್ತು" ಎಂದ ಅವನು.

ಭಾವ ಸ್ವಲ್ಪ ಹೊತ್ತು ಕನ್ನಡಿಯನ್ನೇ ನೋಡಿ, "ಹಾಗಾದ್ರೆ ಇರ್ಲಿ" ಎಂದು ಹೋದ.

ಆ ಮಾತು ಅವನನ್ನು ಒಂದು ಕ್ಷಣ ಹಿಡಿದು ನಿಲ್ಲಿಸಿತು. ಆಮೇಲೆ ಗೋಡೆಯ ಮೇಲೆ ಬೋರ್ಡು ತೆಗೆದ ಜಾಗ ಕಣ್ಣಿಗೆ ಬಿತ್ತು. ಸುತ್ತಲೂ ಹೊಗೆ ಹಿಡಿದ ಗೋಡೆಯಲ್ಲಿ ಅಷ್ಟು ಮಾತ್ರ ಬೆಳ್ಳಗೆ, ಗಾಯಕ್ಕೆ ಹಾಕಿದ ಪಟ್ಟಿ ಕಿತ್ತ ಹಾಗೆ. ಅವನು ಸ್ಕ್ರೂಡ್ರೈವರ್ ಎತ್ತಿಕೊಂಡ.

ಕೆಲಸ ಚಹಾ ಆರುವಷ್ಟರಲ್ಲಿ ಮುಗಿಯಿತು. ಭಾವನ ಕಾರಿನ ಸೆನ್ಸರ್ ಬಿಚ್ಚಿದ, ಮೇಡಂ ಕಾರಿನದನ್ನು ಅಲ್ಲಿ ಕೂರಿಸಿದ. ಸ್ಕ್ರೂಗಳ ಮೇಲಿನ ಕೊಳೆ ಉದುರದ ಹಾಗೆ ತಿರುಗಿಸಿದ, ಒರೆಸಿದ ಗುರುತು ಕಾಣಬಾರದೆಂದು ಬೆರಳಲ್ಲೇ ಎಣ್ಣೆಧೂಳು ಸವರಿದ. ಭಾವನ ಸೆನ್ಸರನ್ನು ಮೇಡಂ ಕಾರಿಗೆ ಹಾಕಿ ಇಂಜಿನ್ ಚಾಲೂ ಮಾಡಿದ. ನಿಂತಲ್ಲೇ ಹೊಲಿಗೆ ಯಂತ್ರದ ಹಾಗೆ ಓಡಿತು. ಏರಿಗೆ ಒಯ್ದು ನೋಡುವ ಅಗತ್ಯ ಕಾಣಲಿಲ್ಲ. ಸೆನ್ಸರ್ ಒಳ್ಳೆಯದೆಂದು ಗೊತ್ತೇ ಇದೆ, ಗೊತ್ತಿದ್ದದ್ದನ್ನು ರಸ್ತೆಗೆ ಕೇಳುವುದೇನು?

ಭಾವ ಪೌಡರಿನ ವಾಸನೆ ಹೊತ್ತು ವಾಪಸು ಬಂದ.

"ಅವರ ಕಾರು ಏನಾಯ್ತೋ?"

"ಫಿಲ್ಟರ್ ಕಟ್ಟಿಕೊಂಡಿತ್ತು ಭಾವ. ಸರಿ ಮಾಡಿದೀನಿ."

"ರಬ್ಬರ್ ಮುಟ್ಟಿ ನೋಡಿದ್ಯಾ?"

"ನೋಡ್ದೆ."

ಈ ಸುಳ್ಳನ್ನು ಅವನು ಸುಳ್ಳೆಂದು ಎಣಿಸಲೂ ಇಲ್ಲ. ಭಾವನ ಪ್ರಶ್ನೆಗಳಿಗೆ ಹೂಂ ಅನ್ನುವುದು ಇಷ್ಟು ವರ್ಷಗಳ ರೂಢಿ. ದೊಡ್ಡ ಸುಳ್ಳನ್ನು ಅಷ್ಟು ನಾಜೂಕಾಗಿ ಕಟ್ಟಿದವನಿಗೆ ಇದು ಗಮನಕ್ಕೂ ಬರಲಿಲ್ಲ. ಕೈ ತೊಳೆದುಕೊಂಡು ಮನೆಗೆ ಹೊರಟ. ಭಾವ ಅಂಗಿ ಬಿಚ್ಚಿ ಗೂಟಕ್ಕೆ ಹಾಕುತ್ತಿದ್ದ, ಏನೋ ಹುಡುಕುವವನ ಹಾಗೆ.

ಬೆಳಿಗ್ಗೆ ಬಂದಾಗ ಭಾವ ಬಿಳಿ ಅಂಗಿ ತೊಟ್ಟು ನಿಂತಿದ್ದ. ಮೀಸೆ ಇತ್ತು.

"ಮೇಡಂ ಕಾರನ್ನ ನೀನು ತಗೊಂಡು ಬಾ" ಎಂದ. "ನಾನು ನನ್ನ ಕಾರಲ್ಲಿ ಮುಂದೆ ಹೋಗಿರ್ತೀನಿ. ಮದುವೆ ದಿನಾನೇ ಅವರ ಕಾರು ಅವರ ಕೈಗೆ ಕೊಟ್ರೆ ಒಂದು ಲೆಕ್ಕ."

ಯೋಜನೆಯಲ್ಲಿ ಇದು ಇರಲಿಲ್ಲ. ಆದರೆ ತಿರುಗಿಸಿ ನೋಡಿದಾಗ ಯೋಜನೆಗಿಂತ ಚೆನ್ನಾಗಿತ್ತು. ಹಿಂದೆಯೇ ಬರುವವನು ಕಣ್ಣಾರೆ ಕಂಡ ಸಾಕ್ಷಿ. ಮೊದಲು ಓಡಿಹೋಗಿ ಬಾಗಿಲು ಎಳೆಯುವವನು, ಪೊಲೀಸರ ಮುಂದೆ ಅಳುವವನು. ಅಳು ಬರುತ್ತದೆ ಎಂಬುದರಲ್ಲಿ ಅವನಿಗೆ ಅನುಮಾನವಿರಲಿಲ್ಲ. ಅಕ್ಕನಿಗಾಗಿ ಅಳುವುದು ಇನ್ನೂ ಬಾಕಿಯಿತ್ತು.

ಭಾವ ಹಳೇ ಪೇಪರಿನಲ್ಲಿ ಸುತ್ತಿದ ಒಂದು ಪೊಟ್ಟಣವನ್ನು ಮೇಡಂ ಕಾರಿನ ಮುಂದಿನ ಸೀಟಿನ ಮೇಲೆ ಇಟ್ಟ.

"ಮೇಲೆ ಹೋಗಿ ಕೂರಿಸೋಣ. ಈಗ ಕೂತ್ರೆ ಅಂಗಿ ಹಾಳಾಗುತ್ತೆ, ಕಚೇರಿಯವರು ಬೇರೆ ಕಾಯಲ್ಲ. ಅವರ ತಮ್ಮನೂ ಇರ್ತಾನೆ, ಹೇಗೆ ಅಂತ ತೋರಿಸ್ದ ಹಾಗೂ ಆಯ್ತು. ನೀನೂ ಇರು."

ಮತ್ತೆ ಅದೇ ದೀರ್ಘ. ಅದರ ಮುಂಚಿನ ಮಾತುಗಳೆಲ್ಲ ಅವನ ಕಿವಿಯಿಂದ ಜಾರಿಹೋದವು. ಏನನ್ನು ಕೂರಿಸುವುದು, ಏನನ್ನು ತೋರಿಸುವುದು ಎಂದು ಕೇಳಲಿಲ್ಲ. ಇನ್ನು ಕೆಲವೇ ತಿರುವುಗಳವರೆಗೆ ಮಾತ್ರ ಬಾಳುವ ಮನುಷ್ಯನ ಪೊಟ್ಟಣದಲ್ಲಿ ಏನಿದ್ದರೇನು.

ಭಾವ ಕಾರು ಹತ್ತಿ, ಕಿಟಕಿಯಿಂದ ತಲೆ ಹೊರಹಾಕಿದ. "ಆ ಕಾರಿನ ಹಣೇಬರಹ ನಿನಗೆ ಗೊತ್ತೇ ಇದೆಯಲ್ಲ. ಲಾರಿ ಹಿಂದೇನೇ ಬಾ. ನನ್ನ ಹಾಗೆ ಹಾರಾಡೋಕೆ ಹೋಗ್ಬೇಡ."

"ಆಯ್ತು ಭಾವ. ನೀವೂ ನಿಧಾನ."

"ನನಗೆ ಮದುವೆ ಕಣೋ. ಮದುಮಗ ಧೂಳು ಹಾಕ್ಕೊಂಡು ಹೋಗೋದಾ?"

ಗುಡ್ಡ ಶುರುವಾದ ಸ್ವಲ್ಪ ಹೊತ್ತಿಗೆ ಕ್ವಾರಿ ಲಾರಿಗಳ ಸಾಲು ಸಿಕ್ಕಿತು. ಭಾವನ ಕಾರು ಸಾಲಿನ ಹಿಂದೆ, ಅದರ ಹಿಂದೆ ಅವನು. ಕನ್ನಡಿಯಲ್ಲಿ ಇನ್ನೊಂದು ಲಾರಿಯ ಮೂತಿ ಬಂದು ತುಂಬಿಕೊಂಡಿತು. ಎಲ್ಲವೂ ಹೇಳಿ ಮಾಡಿಸಿದ ಹಾಗಿತ್ತು. ಅವನ ಅಂಗೈ ಒಣಗಿತ್ತು, ಅದಕ್ಕೆ ಅವನಿಗೇ ಹೆಮ್ಮೆಯಾಯಿತು. ನೀರಿನ ಟ್ಯಾಂಕ್ ಬಂತು, ದಾಟಿತು. ರಸ್ತೆ ನೇರವಾಯಿತು. ಭಾವನ ಕಾರು ಎಂದಿನ ಜಾಗದಲ್ಲಿ ಎಂದಿನಂತೆ ಪಕ್ಕಕ್ಕೆ ಜಿಗಿಯಿತು. ಅವನು ಉಸಿರು ಹಿಡಿದ. ಅಕ್ಕನ ಹಾಗೆ ಕಣ್ಣು ಮುಚ್ಚಲಿಲ್ಲ.

ಭಾವನ ಕಾರು ಲಾರಿಯನ್ನು ದಾಟಿತು. ಅದರ ಮುಂದಿನದನ್ನೂ ದಾಟಿತು. ಒಂದು ಕೆಮ್ಮಿಲ್ಲ, ಒಂದು ಎಳೆತವಿಲ್ಲ, ಬಿಗಿದ ದಾರದಂತೆ ನೇರವಾಗಿ ಹೋಗಿ ತಿರುವಿನಲ್ಲಿ ಮರೆಯಾಯಿತು.

ಅವನ ತಲೆ ಖಾಲಿಯಾಯಿತು. ಹೀಗಾಗುವುದು ಸಾಧ್ಯವೇ ಇಲ್ಲ. ಒಂದೇ ಒಂದು ದಾರಿಯಿದೆ: ಭಾವ ಕಂಡುಹಿಡಿದಿದ್ದಾನೆ. ನಿನ್ನೆ ಸಂಜೆ ಬಾನೆಟ್ ಎತ್ತಿ, ತನ್ನದಲ್ಲದ ಸೆನ್ಸರ್ ನೋಡಿ, ಏನೂ ಹೇಳದೆ ಸರಿಮಾಡಿಕೊಂಡಿದ್ದಾನೆ. ಲಾರಿ ಹಿಂದೇನೇ ಬಾ ಎಂದದ್ದು ಅದಕ್ಕೇ. ಈಗ ಮೇಲೆ ಹೋಗಿ ಮೇಡಂ ಮುಂದೆ, ಅವರ ತಮ್ಮನ ಮುಂದೆ ಹೇಳುತ್ತಾನೆ. ಭಾವ ಬಾಯಿ ಬಿಡುವ ಮೊದಲು ಹಿಡಿಯಬೇಕು. ಏನು ಮಾಡುವುದಕ್ಕೆ ಎಂದು ಗೊತ್ತಿರಲಿಲ್ಲ, ಹಿಡಿಯಬೇಕು. ಹಾಗಾದರೆ ತಾನು ಓಡಿಸುತ್ತಿರುವ ಕಾರಿನಲ್ಲಿ ಈಗ ಇರುವುದು ಭಾವನ ಒಳ್ಳೆಯ ಸೆನ್ಸರೋ, ಮೇಡಂ ಅವರ ಕೆಟ್ಟದ್ದೋ? ಆ ಪ್ರಶ್ನೆ ಅರ್ಧಕ್ಕೆ ಬರುವಷ್ಟರಲ್ಲಿ ಅವನು ಎದುರು ಸಾಲಿಗೆ ನುಗ್ಗಿ ಕಾಲನ್ನು ತಳದ ತನಕ ಒತ್ತಿಯಾಗಿತ್ತು. ಕಾರು ಲಾರಿಯ ಹಿಂಚಕ್ರದ ಮಟ್ಟಕ್ಕೆ ಬಂತು, ನಡುವಿಗೆ ಬಂತು, ಅಲ್ಲಿ ಉಸಿರು ಕಟ್ಟಿತು. ಬ್ರೇಕ್ ಒತ್ತಿ ಕನ್ನಡಿ ನೋಡಿದ. ಬಿಟ್ಟು ಬಂದ ಜಾಗದಲ್ಲಿ ಹಿಂದಿನ ಲಾರಿಯಿತ್ತು. ಮೇಲಿನ ತಿರುವಿನಿಂದ ಇನ್ನೊಂದು ಇಳಿದು ಬರುತ್ತ ದೀಪ ಹೊಡೆಯಿತು.

ಬ್ರೇಕಿನ ಎಳೆತಕ್ಕೆ ಪಕ್ಕದ ಸೀಟಿನ ಪೊಟ್ಟಣ ಕೆಳಗುರುಳಿ ಪೇಪರು ಬಿಚ್ಚಿಕೊಂಡಿತು. ಒಳಗಿದ್ದದ್ದು ಒಂದು ಹೊಸ ರಬ್ಬರ್ ಪೈಪು, ಸೆನ್ಸರಿನಿಂದ ಇಂಜಿನ್ನಿಗೆ ಗಾಳಿ ಒಯ್ಯುವಂಥದು, ಸುಕ್ಕುಸುಕ್ಕಾದ ಮೈ, ಇನ್ನೂ ಪೌಡರು ಹೋಗದ ಹೊಸದು. ಈ ಹಳೇ ಮಾಡೆಲ್ಲಿಗೆ ಅದು ಎಲ್ಲೂ ಸಿಗುವುದಿಲ್ಲವೆಂದು ಭಾವ ಕಪಾಟಿನ ತಳದಲ್ಲಿ ಬಚ್ಚಿಟ್ಟಿದ್ದ ಒಂದೇ ಒಂದು. ಅದನ್ನು ನೋಡುತ್ತಲೇ ಅವನ ಕೈಗೆ ಎಲ್ಲ ಅರ್ಥವಾಯಿತು. ಮೇಡಂ ಕಾರಿನ ಪೈಪಿನ ಅಡಿಯ ಸುಕ್ಕಿನಲ್ಲಿ ಸೀಳು; ನಿಂತಾಗ ತುಟಿ ಮುಚ್ಚಿಕೊಂಡಿರುವ ಸೀಳು, ಏರಿನಲ್ಲಿ ಕಾಲು ಒತ್ತಿ ಇಂಜಿನ್ ಮೈ ಓರೆ ಮಾಡಿದಾಗಷ್ಟೇ ಬಾಯಿ ಬಿಡುವ ಸೀಳು. ಅಲ್ಲಿಂದ ನುಗ್ಗುವ ಗಾಳಿ ಯಾವ ಸೆನ್ಸರಿನ ಕಣ್ಣಿಗೂ ಬೀಳುವುದಿಲ್ಲ. ಕ್ಲಿಪ್ ಕಿತ್ತಾಗ ಕಾರು ಓಡಿದ್ದು ಕಂಪ್ಯೂಟರಿನ ಅಂದಾಜಿನ ಪೆಟ್ರೋಲು ಆ ಕಳ್ಳಗಾಳಿಗೂ ಸಾಕಾಗಿದ್ದರಿಂದ. ಮೇಡಂ ಸೆನ್ಸರ್ ಯಾವತ್ತೂ ಸುಳ್ಳು ಹೇಳಿರಲಿಲ್ಲ. ಅದು ಭಾವನ ಕಾರಿನಲ್ಲಿ ಕೂತು ಈಗ ಗುಡ್ಡದ ಮೇಲೆ ಸುಖವಾಗಿ ತಲುಪಿರಬೇಕು. ನೋಡ್ದೆ ಎಂದು ಇವನು ಹೇಳಿದ್ದನ್ನು ಭಾವ ನಂಬಿದ್ದರು, ಸೀಳು ಇವನಿಗೂ ಗೊತ್ತೆಂದುಕೊಂಡೇ ಬಿಡಿಸಿ ಹೇಳಲಿಲ್ಲ. ನಂಬಿಯೂ ಸಂಜೆ ಅಂಗಿ ಬಿಚ್ಚಿಟ್ಟು, ಬಾನೆಟ್ ಎತ್ತಿ, ರಬ್ಬರಿನ ಅಡಿಗೆ ಬೆರಳು ಹಾಕಿ ಮುಟ್ಟಿ ನೋಡಿದ್ದರು.